ಇರಬೇಕು, ಇರಲಿ, ಇರಬಹುದು

ಮದುವೆಯ ಕರೆಯೋಲೆಯಲ್ಲಿ "ಸಕುಟುಂಬ ಸಪರಿವಾರ ಸಮೇತರಾಗಿ" ಎಂದು ಅಚ್ಚು ಹಾಕಿಸುವವರೂ ಅದನ್ನು ಓದುವವರೂ ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಎಷ್ಟು ಮಂದಿ ಹೋಗಬೇಕು, ಯಾರು ಮನೆ ಕಾಯಬೇಕು ಎಂಬುದು ಸ್ನೇಹದ ಸಲಿಗೆಯನ್ನೂ ಬಸ್ಸಿನ ಅನುಕೂಲವನ್ನೂ ನೋಡಿ ತೀರ್ಮಾನವಾಗುವ ವಿಷಯ. ಆದರೆ ಆ ಮಾತನ್ನು ಪೂರ್ಣವಾಗಿ ನಂಬಿ ಹೊರಡುವ ಅತಿಥಿಗಳೂ ಲೋಕದಲ್ಲಿ ಉಂಟು. ಕಂಪ್ಯೂಟರಿನ ತಂತ್ರಾಂಶಗಳು ಆ ವರ್ಗಕ್ಕೆ ಸೇರಿದವು. ಒಂದನ್ನು ಕರೆದರೆ ಅದರ ಬೆನ್ನಿಗೆ ಇಪ್ಪತ್ತು ಬಂದು ಜಗುಲಿಯಲ್ಲಿ ಕೂರುತ್ತವೆ. ಅವುಗಳಲ್ಲಿ ಯಾವುದು ಬರಲೇಬೇಕಾಗಿತ್ತು, ಯಾವುದು ಸುಮ್ಮನೆ ಜೊತೆಗೆ ಬಂದದ್ದು ಎಂದು ವಿಚಾರಿಸುವ ವ್ಯವಧಾನ ಆತಿಥೇಯನಿಗೆ ಇರುವುದಿಲ್ಲ.

ನಾನು ಕನ್ನಡ ಪಾಠ ಹೇಳುವವನು. ಯಂತ್ರವಿದ್ಯೆ ನನ್ನ ಕ್ಷೇತ್ರವಲ್ಲ. ಆದರೂ ನಮ್ಮ ಕಾಲೇಜಿನಲ್ಲಿ ಹನ್ನೆರಡು ಹಳೆಯ ಕಂಪ್ಯೂಟರುಗಳಿರುವ ಒಂದು ಕೊಠಡಿಯ ಮೇಲ್ವಿಚಾರಣೆ, ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲವಾದ್ದರಿಂದ, ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಲಿನಕ್ಸ್ ಹಾಕಿದ್ದೇವೆ. ಅದಕ್ಕೆ ಹಣ ಕೊಡಬೇಕಾಗಿಲ್ಲ ಎಂಬುದು ಮೊದಲ ಕಾರಣ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ ಎಂಬುದು ಎರಡನೆಯದು. ಹೋದ ಬೇಸಗೆಯಲ್ಲಿ ಅವನ್ನೆಲ್ಲ ಅಳಿಸಿ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ನೆರವಿಗೆ ಬಂದ ವಿದ್ಯಾರ್ಥಿ ಹುರುಪಿನವನು. "ಸರ್, ಇದರಲ್ಲಿ ಶಿಫಾರಸು ಅಂತ ಒಂದು ಬಾಬತ್ತಿದೆ. ಅದನ್ನು ನಿಲ್ಲಿಸಿಬಿಟ್ಟರೆ ಬೇಡದ ಸಾಮಾನು ಬರುವುದಿಲ್ಲ, ಡೌನ್‌ಲೋಡೂ ಬೇಗ ಮುಗಿಯುತ್ತದೆ," ಎಂದ. ನಮ್ಮ ಕಾಲೇಜಿನ ಇಂಟರ್‌ನೆಟ್ಟಿನ ವೇಗವನ್ನು ಬಲ್ಲ ನನಗೆ ಈ ಮಾತು ಅಮೃತಪ್ರಾಯವಾಗಿ ಕೇಳಿಸಿತು. ಹಾಗೇ ಮಾಡಪ್ಪ ಎಂದೆ. ಎರಡು ಮಧ್ಯಾಹ್ನಗಳಲ್ಲಿ ಕೆಲಸ ಮುಗಿಯಿತು. ಯಂತ್ರಗಳು ಹಗುರವಾಗಿ ಓಡತೊಡಗಿದವು.

ಸೋಮವಾರ ತರಗತಿಗೆ ಹೋಗಿ ಪಠ್ಯದ ಕಡತವನ್ನು ತೆರೆದರೆ ಪರದೆಯ ಉದ್ದಕ್ಕೂ ಸಣ್ಣ ಸಣ್ಣ ಚೌಕಗಳು. ಹನ್ನೆರಡು ಯಂತ್ರಗಳಲ್ಲಿಯೂ ಕನ್ನಡದ ಒಂದಕ್ಷರವಿರಲಿಲ್ಲ. ಕನ್ನಡದ ಫಾಂಟುಗಳು ಶಿಫಾರಸಿನ ಪಟ್ಟಿಯಲ್ಲಿದ್ದವು. ಬೇಡದ ಸಾಮಾನಿನೊಡನೆ ಅವೂ ಬಾಗಿಲ ಹೊರಗೆ ಉಳಿದಿದ್ದವು. ತಪ್ಪು ಆ ಹುಡುಗನದಲ್ಲ. ಒಪ್ಪಿಗೆ ಕೊಟ್ಟ ನನ್ನದು. ಫಾಂಟು ಹಾಕಲು ಐದು ನಿಮಿಷ ಸಾಕಾಯಿತು. ಆದರೆ ಈ ಶಿಫಾರಸು ಎಂದರೇನು, ಅದರ ಬಗೆಗೆ ಬಲ್ಲವರು ಇಷ್ಟು ವರ್ಷಗಳಿಂದ ಏಕೆ ಜಗಳವಾಡುತ್ತಿದ್ದಾರೆ ಎಂಬ ಕುತೂಹಲ ಅಂದಿನಿಂದ ನನ್ನನ್ನು ಹಿಡಿದಿದೆ. ಓದುತ್ತ ಹೋದಂತೆ, ಇದು ಮುಖ್ಯವಾಗಿ ಮಾತಿನ ಅರ್ಥವನ್ನು ಕುರಿತ ಜಗಳ, ಆದ್ದರಿಂದ ನಮ್ಮಂಥವರಿಗೂ ಸೇರಿದ್ದು ಎಂದು ತೋರಿತು.

ಲಿನಕ್ಸ್ ಎಂಬುದು ವಸ್ತುತಃ ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಪ್ರಾರಂಭಿಸಿದ ಒಂದು ತಿರುಳು ಮಾತ್ರ. ಅದರ ಸುತ್ತ ಸಾವಿರಾರು ಜನ ಬೇರೆ ಬೇರೆಯಾಗಿ ಬರೆದ ತಂತ್ರಾಂಶಗಳನ್ನು ಸೇರಿಸಿ, ಒಂದಕ್ಕೊಂದು ಹೊಂದಿಸಿ, ಉಪಯೋಗಿಸುವವರ ಕೈಗೆ ಕೊಡುವ ಸಂಸ್ಥೆಗಳಿಗೆ ವಿತರಣೆಗಳೆಂದು ಹೆಸರು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಪ್ರಾರಂಭಿಸಿದ ಡೆಬಿಯನ್ ಅವುಗಳಲ್ಲಿ ಹಿರಿಯವಾದವುಗಳಲ್ಲೊಂದು; ಇಂದಿಗೂ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಅಲ್ಲಿ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜು ಎಂಬ ಕಟ್ಟಿನ ರೂಪದಲ್ಲಿರುತ್ತದೆ. ಕಟ್ಟಿನ ಮೇಲೆ ಒಂದು ಚೀಟಿ. ಆ ಚೀಟಿಯಲ್ಲಿ, ಈ ಕಟ್ಟಿನ ಜೊತೆಗೆ ಇನ್ನೇನು ಇರಬೇಕು ಎಂಬುದನ್ನು ಮೂರು ಬಗೆಯಲ್ಲಿ ಬರೆದಿಡುತ್ತಾರೆ. ಡಿಪೆಂಡ್ಸ್, ರೆಕಮೆಂಡ್ಸ್, ಸಜೆಸ್ಟ್ಸ್ ಎಂಬವು ಆ ಮೂರು ಮಾತುಗಳು. ನಮ್ಮ ಕ್ರಿಯಾಪದಗಳಲ್ಲಿ ಹೇಳುವುದಾದರೆ ಇರಬೇಕು, ಇರಲಿ, ಇರಬಹುದು.

ಮೊದಲನೆಯದರಲ್ಲಿ ಗೊಂದಲ ಕಡಮೆ. ಅದಿಲ್ಲದಿದ್ದರೆ ತಂತ್ರಾಂಶ ಎದ್ದು ನಿಲ್ಲುವುದೇ ಇಲ್ಲ. ಮೂರನೆಯದರಲ್ಲಿಯೂ ಹಾಗೆಯೇ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾರೂ ಗಮನಿಸುವುದಿಲ್ಲ. ನಡುವಿನದೇ ತೊಡಕು. ಡೆಬಿಯನ್ನರ ನೀತಿಸಂಹಿತೆ ಅದಕ್ಕೆ ಕೊಡುವ ಲಕ್ಷಣದ ತಾತ್ಪರ್ಯ ಇಷ್ಟು: ಇದು ಬಲವಾದ ನಂಟು, ಆದರೆ ಕಡ್ಡಾಯವಲ್ಲ, ಅಪೂರ್ವವಾದ ಸಂದರ್ಭಗಳನ್ನು ಬಿಟ್ಟರೆ ಮಿಕ್ಕೆಲ್ಲ ಕಡೆಯಲ್ಲೂ ಈ ಎರಡೂ ಒಟ್ಟಿಗೇ ಕಾಣಬೇಕಾದವು. ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ಮುಗುಳ್ನಗೆ ಬಂದೀತು. ನಮ್ಮ ಶಾಸ್ತ್ರಗಳಲ್ಲಿ ವಿಧಿ ಉಂಟು, ವಿಕಲ್ಪ ಉಂಟು. ವಿಧಿಯಾದರೆ ಮೀರುವಂತಿಲ್ಲ, ವಿಕಲ್ಪವಾದರೆ ಎರಡು ರೂಪಗಳೂ ಸಾಧು, ಆಡುವವನ ಇಷ್ಟ. ವಿಧಿಯ ಹಾಗೆ ನಡೆದುಕೊಳ್ಳಬೇಕಾದ ವಿಕಲ್ಪ ಎಂಬ ಮೂರನೆಯದೊಂದನ್ನು ಕಲ್ಪಿಸಿದರೆ ಅದರ ಅರ್ಥವನ್ನು ಕಾಯುವುದು ಸುಲಭವಲ್ಲ. "ಇರಲಿ" ಎಂಬ ನಮ್ಮ ಮಾತೇ ನೋಡಿ. ಹಿರಿಯರು ಹೇಳಿದರೆ ಅದು ಆಜ್ಞೆ. ಗೆಳೆಯ ಹೇಳಿದರೆ ಉದಾಸೀನ. ಅಂಗಡಿಯವನು ಹೇಳಿದರೆ ಚಿಲ್ಲರೆ ಕೊಡಲಾರೆ ಎಂದರ್ಥ.

ಬಹುಕಾಲದವರೆಗೆ ಈ ನಡುವಿನ ಮಾತಿಗೆ ಡೆಬಿಯನ್ನಿನ ಎಪಿಟಿ ಎಂಬ ಸಾಧನ ಕಿವಿಗೊಡುತ್ತಿರಲಿಲ್ಲ. ಶಿಫಾರಸನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತಿತ್ತು. ೨೦೦೯ರ ಫೆಬ್ರವರಿಯಲ್ಲಿ ಹೊರಬಂದ ಐದನೆಯ ಆವೃತ್ತಿಯಿಂದ ಕ್ರಮ ಬದಲಾಯಿತು. ಬೇಡವೆಂದು ಹೇಳದ ಹೊರತು ಶಿಫಾರಸಾದುದೆಲ್ಲ ತಾನಾಗಿ ಬರತೊಡಗಿತು. ಚೀಟಿಯಲ್ಲಿ ಒಂದಕ್ಷರವೂ ತಿದ್ದಲ್ಪಡಲಿಲ್ಲ. ಅದನ್ನು ಓದುವವನು ಬದಲಾದ, ಅಷ್ಟರಿಂದಲೇ ಸಲಹೆ ಅಪ್ಪಣೆಯಾಯಿತು. ಅಂದಿನಿಂದ ಒಂದು ಪಂಗಡಕ್ಕೆ ಅಸಮಾಧಾನ. ಸಣ್ಣದೊಂದು ಸಾಧನ ಕೇಳಿದರೆ ಟಪಾಲು ರವಾನಿಸುವ ಇಡೀ ವ್ಯವಸ್ಥೆ ಜೊತೆಗೆ ಬಂದಿತೆಂದು ಅವರ ದೂರು. ಸರ್ವರುಗಳನ್ನು ನಡೆಸುವವರು, ಕಂಟೇನರುಗಳೆಂಬ ಪುಟ್ಟ ಪೆಟ್ಟಿಗೆಗಳನ್ನು ಕಟ್ಟುವವರು ಇಂದಿಗೂ ಮೊದಲು ಮಾಡುವ ಕೆಲಸ ಶಿಫಾರಸನ್ನು ನಿಲ್ಲಿಸುವುದು. ಅವರ ಮಟ್ಟಿಗೆ ಅದು ಸರಿಯೂ ಹೌದು. ತಮಗೇನು ಬೇಕೆಂಬುದು ಅವರಿಗೆ ಗೊತ್ತು.

ಎಲ್ಲ ವಿತರಣೆಗಳೂ ಹೀಗೆಯೇ ಎಂದಲ್ಲ. ಆರ್ಚ್ ಎಂಬುದರಲ್ಲಿ ಐಚ್ಛಿಕವಾದ ಅವಲಂಬನೆಗಳನ್ನು ಅನುಸ್ಥಾಪನೆಯ ವೇಳೆ ಪಟ್ಟಿ ಮಾಡಿ ಓದಿ ಹೇಳುತ್ತಾರೆ, ಅಷ್ಟೇ. ಬೇಕಾದವನು ತಾನೇ ಹೋಗಿ ತರಬೇಕು. ಫೆಡೋರ ಮೊದಲಾದವು ಅನುಸರಿಸುವ ಆರ್‌ಪಿಎಂ ಪದ್ಧತಿಗೆ ಈ ಬಗೆಯ ಸಡಿಲ ನಂಟುಗಳು ೨೦೧೪ರ ಸುಮಾರಿಗೆ ಸೇರಿದವು. ಜೆಂಟೂ ಎಂಬ ಇನ್ನೊಂದರ ದಾರಿಯೇ ಬೇರೆ. ಅಲ್ಲಿ ಬಳಸುವವನು ಮೂಲಬರಹವನ್ನು ತಂದು ತನ್ನ ಯಂತ್ರದಲ್ಲಿಯೇ ಕಟ್ಟಿಕೊಳ್ಳುತ್ತಾನೆ, ಯಾವ ಅಂಗ ಬೇಕು ಯಾವುದು ಬೇಡ ಎಂಬುದನ್ನು ತಾನೇ ಗುರುತು ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಅಡಿಗೆ ಮಾಡಿಕೊಂಡ ಹಾಗೆ. ಸಾರಿಗೆ ಬೆಳ್ಳುಳ್ಳಿ ಹಾಕುವುದೋ ಬಿಡುವುದೋ ಮನೆಯವರಿಗೆ ಬಿಟ್ಟದ್ದು. ಡೆಬಿಯನ್, ಫೆಡೋರಗಳದು ಸಂತರ್ಪಣೆಯ ಅಡಿಗೆ. ಕೊಪ್ಪರಿಗೆ ಒಂದೇ. ಅದರಲ್ಲಿ ಬೆಳ್ಳುಳ್ಳಿ ಬಿದ್ದರೆ ಎಲ್ಲರ ಎಲೆಗೂ ಬಿದ್ದಂತೆ. ಬಿಟ್ಟರೆ ಎಲ್ಲರಿಗೂ ಇಲ್ಲ. ಬೇಕೆಂದವರಿಗೆ ಬೇರೆ ಒಂದು ಪಾತ್ರೆಯಿಡಬಹುದಲ್ಲ ಎಂದು ಕೇಳುವುದು ಸುಲಭ. ಹತ್ತು ಐಚ್ಛಿಕ ಅಂಗಗಳುಳ್ಳ ತಂತ್ರಾಂಶವೊಂದಕ್ಕೆ ಸಾಧ್ಯವಾದ ಪಾಕಗಳು ೧೦೨೪. ಅಷ್ಟನ್ನೂ ಬೇಯಿಸಿ, ರುಚಿ ನೋಡಿ, ಕೆಟ್ಟದ್ದನ್ನು ತೆಗೆದಿಡಲು ಸಂಬಳವಿಲ್ಲದ ಅಡಿಗೆಯವರು ಎಲ್ಲಿ ಸಿಕ್ಕಾರು?

ಈ ಕಷ್ಟವನ್ನು ಮರೆತು ಅವರನ್ನು ಟೀಕಿಸುವುದು ನ್ಯಾಯವಲ್ಲ. ಮರೆಯದೆಯೂ ಟೀಕಿಸಬೇಕಾದ ಸಂದರ್ಭಗಳಿವೆ.

೨೦೧೨ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮುಂದೆ ಒಂದು ವ್ಯಾಜ್ಯ ಬಂದಿತು. ಗ್ನೋಮ್ ಎಂಬ ಮೇಜುಪರಿಸರದ ಮುಖ್ಯ ಪ್ಯಾಕೇಜಿನ ಚೀಟಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಸಾಧನವನ್ನು "ಇರಬೇಕು" ಎಂಬ ಸಾಲಿಗೆ ಬರೆದಿದ್ದರು. ಗ್ನೋಮ್ ಎಂಬ ಕೃತಿಯ ಕಲ್ಪನೆಯಲ್ಲಿಯೇ ಅದು ಸೇರಿದೆ, ಅದಿಲ್ಲದೆ ಕೃತಿ ಅಪೂರ್ಣ ಎಂಬುದು ಕಟ್ಟಿದವರ ವಾದ. ನಮ್ಮ ಯಂತ್ರದ ಜಾಲಸಂಪರ್ಕವನ್ನು ನಾವು ಬೇರೆ ರೀತಿಯಲ್ಲಿ ಏರ್ಪಡಿಸಿಕೊಂಡಿದ್ದೇವೆ, ಬೇಕೆಂದೇ ಅದನ್ನು ತೆಗೆದುಹಾಕಿದ್ದೇವೆ, ಹೊಸ ಆವೃತ್ತಿಗೆ ಹೋದಾಗ ಅದು ಮತ್ತೆ ನುಗ್ಗಿ ಬಂದರೆ ಏನು ಗತಿ ಎಂಬುದು ಎದುರುವಾದ. ಅದನ್ನು "ಇರಲಿ" ಎಂಬ ಸಾಲಿಗೆ ಇಳಿಸಬೇಕೆಂದು ಸಮಿತಿ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಜಗಳ ಅಲ್ಲಿಗೂ ನಿಲ್ಲಲಿಲ್ಲ; ಕೆಲವೇ ವಾರಗಳಲ್ಲಿ ಅದೇ ವಿಷಯ ಮತ್ತೊಂದು ರೂಪದಲ್ಲಿ ಅದೇ ಸಮಿತಿಯ ಮುಂದೆ ಬಂದಿತು. ಹೊರಗಿನವರಿಗೆ ಇದು ಬಾಲಿಶವಾಗಿ ತೋರಬಹುದು. ಒಂದು ಪದವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಸಲು ನ್ಯಾಯಸ್ಥಾನವೆ? ನನಗಂತೂ ಸಮಿತಿಯ ಮೊದಲ ತೀರ್ಪು ಸರಿಯೆಂದೇ ತೋರುತ್ತದೆ. ತಾನು ಬರೆದ ನಾಟಕಕ್ಕೆ ಇಂಥದೇ ಹಿಮ್ಮೇಳವಿರಬೇಕೆಂದು ನಾಟಕಕಾರ ಹೇಳಬಹುದು. ಅದಿಲ್ಲದಿದ್ದರೆ ನಾಟಕ ನಡೆಯುವುದೇ ಇಲ್ಲ ಎಂದು ಹೇಳಿದರೆ, ಅದಿಲ್ಲದೆ ಆಡಿ ನಡೆಸಿದವರು ಎದುರಿಗೇ ನಿಂತಿರುವಾಗ, ಅದು ಅಸತ್ಯ. ಚೀಟಿಯಲ್ಲಿ ಬರೆಯಬೇಕಾದದ್ದು ಸತ್ಯಸ್ಥಿತಿಯನ್ನು, ಅಭಿಮಾನವನ್ನಲ್ಲ.

ಇದಕ್ಕೆ ತದ್ವಿರುದ್ಧವಾದ ದಿಕ್ಕಿನಿಂದ ಇನ್ನೊಂದು ಕಲಹ ೨೦೨೪ರ ಮೇ ತಿಂಗಳಲ್ಲಿ ಹುಟ್ಟಿತು. ಕೀಪಾಸ್‌ಎಕ್ಸ್‌ಸಿ ಎಂಬುದು ಗುಪ್ತಪದಗಳನ್ನು ಭದ್ರವಾಗಿಡುವ ಪೆಟ್ಟಿಗೆ. ಅದನ್ನು ಬ್ರೌಸರಿನೊಡನೆ ಜೋಡಿಸುವ, ಜಾಲದಿಂದ ಚಿತ್ರ ತರುವ ಮೊದಲಾದ ಹಲವು ಐಚ್ಛಿಕ ಅಂಗಗಳು ಅದರಲ್ಲಿದ್ದವು. ಡೆಬಿಯನ್ನಿನಲ್ಲಿ ಆ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದವರು, ಗುಪ್ತಪದದ ಪೆಟ್ಟಿಗೆಗೆ ಇಷ್ಟೊಂದು ಕಿಟಕಿಗಳಿರಕೂಡದು ಎಂದು ನಿಶ್ಚಯಿಸಿ, ಅಭಿವೃದ್ಧಿಯ ಹಂತದಲ್ಲಿದ್ದ ಆವೃತ್ತಿಯಲ್ಲಿ ಅವನ್ನೆಲ್ಲ ಮುಚ್ಚಿ ಕಟ್ಟಿದರು. ಎಲ್ಲವೂ ಬೇಕೆನ್ನುವವರಿಗೆ "ಪೂರ್ಣ" ಎಂಬ ವಿಶೇಷಣದ ಬೇರೊಂದು ಪ್ಯಾಕೇಜು ಇಟ್ಟರು. ಹಳೆಯ ಹೆಸರು ಮಾತ್ರ ಕಿಟಕಿಯಿಲ್ಲದ ಪೆಟ್ಟಿಗೆಗೇ ಹೋಯಿತು. ಎಂದಿನಂತೆ ಹೊಸ ಆವೃತ್ತಿಯನ್ನು ತರಿಸಿಕೊಂಡವರು ಮರುದಿನ ನೋಡಿದರೆ ಬ್ರೌಸರಿನ ಜೋಡಣೆ ಮಾಯ. ಅವರು ದೂರು ಹೇಳಿದ್ದು ತಂತ್ರಾಂಶವನ್ನು ಬರೆದವರಿಗೆ, ಬರೆದವರು ಸಿಟ್ಟಾದರು. ಆ ಅಂಗಗಳು ಹೇಗೂ ಬಳಸುವವನು ತೆರೆಯುವತನಕ ಮುಚ್ಚಿಯೇ ಇರುತ್ತವೆ, ನೀವು ಕಿತ್ತುಹಾಕಬೇಕಾದ ಅಗತ್ಯವೇನಿತ್ತು ಎಂದು ಕೇಳಿದರು. ಉತ್ತರದಲ್ಲಿ ಸೌಜನ್ಯ ಕಡಮೆಯಿತ್ತು.

ಈ ಕಲಹದಲ್ಲಿ ಪ್ಯಾಕೇಜು ಕಟ್ಟಿದವರ ವಿವೇಕವನ್ನು ನಾನು ಅಲ್ಲಗಳೆಯಲಾರೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಹಳೆಯ ಹೆಸರಿನ ಕೆಳಗೆ ಹೊಸ ಅರ್ಥವನ್ನು ಸೇರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. "ಕಿರಿದು" ಎಂಬ ಹೆಸರಿನಲ್ಲಿ ಕಿಟಕಿಯಿಲ್ಲದ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು, ಬೇಕಾದವರು ಇದನ್ನು ಒಯ್ಯಿರಿ, ಇದೇ ಕ್ಷೇಮ ಎಂದು ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಿಘಂಟುಕಾರನು ಪದಕ್ಕೆ ಹೊಸ ಅರ್ಥವನ್ನು ಸೇರಿಸಬಹುದು. ಜನ ಬಳಸುತ್ತಿರುವ ಅರ್ಥವನ್ನು ರಾತ್ರೋರಾತ್ರಿ ಅಳಿಸುವ ಅಧಿಕಾರ ಅವನಿಗಿಲ್ಲ.

ಆ ವಿವೇಕದ ಮಾತಿಗೆ ಬರುತ್ತೇನೆ. ಆ ಕಲಹಕ್ಕೆ ಹೆಚ್ಚು ಕಡಮೆ ಆರು ವಾರ ಮುಂಚೆ, ೨೦೨೪ರ ಮಾರ್ಚ್ ೨೯ರಂದು, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಒಂದು ಸಂಗತಿಯನ್ನು ಬಯಲಿಗಿಟ್ಟಿದ್ದರು. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶಕೋಶದ ಕೆಲಸದಲ್ಲಿದ್ದಾಗ, ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ದ್ವಾರ ತೆರೆಯುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂದು ಅವರಿಗೆ ತೋರಿತು. ಅರ್ಧ ಸೆಕೆಂಡು! ನಮ್ಮಲ್ಲಿ ಅರ್ಧ ಗಂಟೆಯನ್ನೂ ಯಾರು ಗಮನಿಸುತ್ತಾರೆ? ಆತ ಬೆನ್ನು ಹತ್ತಿ ಹೋದಾಗ ಕಂಡದ್ದು, ಎಕ್ಸ್‌ಜಡ್ ಎಂಬ ಕಡತಸಂಕೋಚನದ ತಂತ್ರಾಂಶದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಬಚ್ಚಿಟ್ಟಿದ್ದ ಒಂದು ಕಳ್ಳಗಿಂಡಿ. ಲಾಸ್ಸೆ ಕೊಲಿನ್ ಎಂಬ ಒಬ್ಬರೇ ಸ್ವಯಂಸೇವಕರು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದ ಕೃತಿ ಅದು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ನೆರವಾಗುತ್ತ ಬಂದು, ನಂಬಿಕೆ ಗಳಿಸಿ, ಕೀಲಿಕೈ ಸಂಪಾದಿಸಿ, ವಿಷವಿಟ್ಟಿದ್ದರು. ಆ ಆವೃತ್ತಿಗಳು ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದರೆ ಅಸಂಖ್ಯಾತ ಸರ್ವರುಗಳ ಬಾಗಿಲು ಒಬ್ಬನ ಕೈಯಲ್ಲಿರುತ್ತಿತ್ತು.

ಕಡತವನ್ನು ಕುಗ್ಗಿಸುವ ತಂತ್ರಾಂಶಕ್ಕೂ ಮನೆಯ ಬಾಗಿಲಿಗೂ ಏನು ಸಂಬಂಧ? ಇಲ್ಲಿ ನಮ್ಮ ವಿಷಯ ಬರುತ್ತದೆ. ಎಸ್‌ಎಸ್‌ಎಚ್‌ನ ಪ್ರಸಿದ್ಧ ರೂಪವಾದ ಓಪನ್‌ಎಸ್‌ಎಸ್‌ಎಚ್ ಅನ್ನು ಬರೆಯುವವರು ಓಪನ್‌ಬಿಎಸ್‌ಡಿಯವರು. ಅವರ ಮೂಲಬರಹದಲ್ಲಿ ಈ ಸಂಕೋಚನದ ಲೈಬ್ರರಿಯ ಸುಳಿವೇ ಇರಲಿಲ್ಲ. ಆದರೆ ಡೆಬಿಯನ್, ಫೆಡೋರ ಮೊದಲಾದವುಗಳಲ್ಲಿ ಸಿಸ್ಟಂಡಿ ಎಂಬ ಮೇಲ್ವಿಚಾರಕ ತಂತ್ರಾಂಶವಿದೆ. ಸೇವೆಗಳನ್ನು ಎಬ್ಬಿಸುವುದು, ಬಿದ್ದರೆ ಮತ್ತೆ ನಿಲ್ಲಿಸುವುದು ಅದರ ಕೆಲಸ. (ಅದನ್ನು ಒಲ್ಲದವರು ಡೆಬಿಯನ್ನಿನಿಂದ ಹೊರಟು ದೇವುವಾನ್ ಎಂಬ ಬೇರೆ ಮನೆಯನ್ನೇ ೨೦೧೪ರಲ್ಲಿ ಸಾರಿದರು, ಆ ಪಾಲುಪತ್ತಿನ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ.) "ನಾನು ಸಿದ್ಧನಾಗಿದ್ದೇನೆ" ಎಂದು ಆ ಮೇಲ್ವಿಚಾರಕನಿಗೆ ಹೇಳುವ ಒಂದು ಸೌಕರ್ಯ ಎಸ್‌ಎಸ್‌ಎಚ್‌ಗೂ ಇರಲಿ ಎಂದು ವಿತರಣೆಯವರು ತಮ್ಮ ಕಡೆಯಿಂದ ಒಂದು ತೇಪೆ ಹಾಕಿದರು. ಆ ಒಂದು ವಾಕ್ಯವನ್ನು ಆಡುವುದಕ್ಕಾಗಿ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದರು. ಆ ಲೈಬ್ರರಿಯಲ್ಲಿ ದಿನಚರಿಯ ಕಡತಗಳನ್ನು ಓದುವ ಬೇರೊಂದು ಅಂಗವಿತ್ತು. ಆ ಕಡತಗಳು ಸಂಕೋಚಿತವಾಗಿರಬಹುದಾದ್ದರಿಂದ ಅದಕ್ಕೆ ಎಕ್ಸ್‌ಜಡ್ ಲೈಬ್ರರಿ ಬೇಕು. ಹೀಗೆ ಒಬ್ಬರ ಬೆನ್ನಿಗೆ ಒಬ್ಬರಾಗಿ, ಯಾರೂ ಕರೆಯದ ಅತಿಥಿ ಬಾಗಿಲು ಕಾಯುವವನ ಪಕ್ಕದಲ್ಲೇ ಬಂದು ಕುಳಿತ. ಈ ತೇಪೆ ಹಾಕಿಕೊಳ್ಳದಿದ್ದ ಆರ್ಚ್‌ನಲ್ಲಿ ಎಸ್‌ಎಸ್‌ಎಚ್‌ಗೆ ಆ ಲೈಬ್ರರಿಯ ನೇರ ಸಂಪರ್ಕವಿರಲಿಲ್ಲ.

ಗಮನಿಸಬೇಕಾದದ್ದು ಇದು. ಈ ಸರಪಳಿಯಲ್ಲಿ ಎಲ್ಲಿಯೂ "ಇರಲಿ" ಎಂಬ ಮಾತಿಲ್ಲ. ಎಲ್ಲವೂ "ಇರಬೇಕು". ಶಿಫಾರಸನ್ನು ನಿಲ್ಲಿಸಿ, ಹಗುರವಾದ ಯಂತ್ರವನ್ನು ಕಟ್ಟಿಕೊಂಡು, ಬೇಡದ್ದು ಒಂದೂ ನನ್ನಲ್ಲಿಲ್ಲ ಎಂದು ಹೆಮ್ಮೆಪಡುತ್ತಿದ್ದವನ ಮನೆಗೂ ಆ ಅತಿಥಿ ಬಂದಿದ್ದ. ಏಕೆಂದರೆ ಐಚ್ಛಿಕವಾಗಿದ್ದುದು ಚೀಟಿ ಬರೆಯುವುದಕ್ಕೆ ಮೊದಲೇ, ಕೊಪ್ಪರಿಗೆಯಲ್ಲಿ ಬೇಯುವಾಗಲೇ, ಅನಿವಾರ್ಯವಾಗಿ ಮಾರ್ಪಟ್ಟಿತ್ತು. ಒಂದು ಸಲ ಲೈಬ್ರರಿಯನ್ನು ಜೋಡಿಸಿ ಕಟ್ಟಿದ ಮೇಲೆ ಅದಿಲ್ಲದೆ ತಂತ್ರಾಂಶ ಎದ್ದು ನಿಲ್ಲುವುದಿಲ್ಲ. ಆಗ ಚೀಟಿಯಲ್ಲಿ "ಇರಬೇಕು" ಎಂದು ಬರೆಯುವುದು ಸತ್ಯವೇ ಹೌದು. ಆದರೆ ಆ ಸತ್ಯವನ್ನು ಮಾಡಿದವರು ಅವರೇ. ಶಿಫಾರಸಿನ ಬಗೆಗೆ ಹದಿನೈದು ವರ್ಷ ಗದ್ದಲ ಮಾಡಿದವರ ಕಣ್ಣು ಈ ಕಡೆ ಬಿದ್ದದ್ದು ಅಪರೂಪ. ಪರದೆಯ ಮೇಲೆ ಕಾಣುವ ಇಪ್ಪತ್ತು ಹೆಸರುಗಳನ್ನು ಎಣಿಸಿ ಸಿಡುಕುವುದು ಸುಲಭ. ಸಿಡುಕಬೇಕಾದ ಸ್ಥಳ ಮಾತ್ರ ಬೇರೆಯಾಗಿತ್ತು.

ತರುವಾಯ ನಡೆದದ್ದು ಶಿಕ್ಷಣಪ್ರದವಾಗಿದೆ. "ಸಿದ್ಧನಾಗಿದ್ದೇನೆ" ಎಂಬ ವಾಕ್ಯಕ್ಕೆ ಲೈಬ್ರರಿಯ ಅಗತ್ಯವೇ ಇರಲಿಲ್ಲ; ಕೆಲವು ಸಾಲುಗಳ ಸ್ವಂತ ಬರಹ ಸಾಕಿತ್ತು. ೨೦೨೪ರ ಜುಲೈನಲ್ಲಿ ಬಂದ ೯.೮ನೆಯ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಚ್‌ನವರು ಹಾಗೆಯೇ ಬರೆದುಕೊಂಡರು. ಸಿಸ್ಟಂಡಿಯವರೂ ಅದೇ ವರ್ಷ ಜೂನಿನಲ್ಲಿ ಹೊರಟ ೨೫೬ನೆಯ ಆವೃತ್ತಿಯಲ್ಲಿ ಸಂಕೋಚನದ ಲೈಬ್ರರಿಗಳನ್ನು ಮೊದಲೇ ಜೋಡಿಸಿಡುವ ಬದಲು, ಅಗತ್ಯ ಬಿದ್ದ ಕ್ಷಣದಲ್ಲಿ ಮಾತ್ರ ಕರೆದುಕೊಳ್ಳುವ ಏರ್ಪಾಡು ಮಾಡಿದರು. ಇದರಿಂದ ಒಂದು ವಿಚಿತ್ರವಾದ ತೊಡಕು ಹುಟ್ಟಿತು. ಮೊದಲು, ಯಾವ ಲೈಬ್ರರಿ ಬೇಕು ಎಂಬುದು ಕಟ್ಟಿದ ತಂತ್ರಾಂಶದ ಮೈಮೇಲೇ ಬರೆದಿರುತ್ತಿತ್ತು. ಅದನ್ನು ಓದಿ ಚೀಟಿಯನ್ನು ಯಂತ್ರವೇ ತುಂಬುತ್ತಿತ್ತು. ಹೊಸ ಏರ್ಪಾಡಿನಲ್ಲಿ ಆ ಗುರುತು ಮೈಮೇಲೆ ಕಾಣುವುದಿಲ್ಲ. ಅವಲಂಬನೆ ಹೋಗಲಿಲ್ಲ, ಮರೆಗೆ ಸರಿಯಿತು ಎಂದು ಆಕ್ಷೇಪ ಬಂದಿತು. ಆದ್ದರಿಂದ ತಂತ್ರಾಂಶದೊಳಗೇ ಒಂದು ಟಿಪ್ಪಣಿಯನ್ನು ಇಡುವ ಕ್ರಮವನ್ನು ರೂಪಿಸಿದರು. ಆ ಟಿಪ್ಪಣಿಯಲ್ಲಿ ಪ್ರತಿ ಲೈಬ್ರರಿಯ ಮುಂದೆ ಬರೆಯಬಹುದಾದ ಮಾತುಗಳು ಯಾವುವು ಗೊತ್ತೆ? ಅವಶ್ಯ, ಶಿಫಾರಸು, ಸೂಚನೆ. ಮತ್ತೆ ಅದೇ ಮೂರು!

ಹಾಗಾದರೆ ಶಿಫಾರಸುಗಳನ್ನು ತಾನಾಗಿ ತರಬೇಕೇ ಬೇಡವೇ? ಚೌಕಗಳನ್ನು ಕಂಡ ಆ ಸೋಮವಾರದ ತರುವಾಯ ನನ್ನ ಮತ ಸ್ಪಷ್ಟವಾಗಿದೆ: ತರಬೇಕು. ಡೆಬಿಯನ್ನಿನಲ್ಲಿ ಬೇರೆ ಬೇರೆ ಭಾಷೆಯವರಿಗಾಗಿ ಕಟ್ಟಿಟ್ಟ ಸಂಗ್ರಹಗಳುಂಟು, ಕನ್ನಡಕ್ಕೂ ಉಂಟು. ಆ ಸಂಗ್ರಹಗಳಲ್ಲಿ ಬರುವ ಫಾಂಟು, ಅನುವಾದ ಮೊದಲಾದವುಗಳನ್ನು ಸಾಮಾನ್ಯವಾಗಿ ಶಿಫಾರಸೆಂದೇ ಬರೆಯುತ್ತಾರೆ. ಒಂದನ್ನು ತೆಗೆದುಹಾಕಿದರೆ ಇಡೀ ಸಂಗ್ರಹ ಕುಸಿಯದಿರಲಿ ಎಂಬುದು ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಅಲ್ಲಿ ದೊರೆಯುತ್ತವೆ. ಇಂಗ್ಲಿಷಿನಲ್ಲೇ ಕೆಲಸ ಮಾಡುವವನಿಗೆ ಅವು ಬೇಡದ ಸಾಮಾನು, ನಿಜ. ನನ್ನ ವಿದ್ಯಾರ್ಥಿಗೆ ಅವೇ ಪಠ್ಯಪುಸ್ತಕ. ಕಣ್ಣು ಕಾಣದವನಿಗೆ ಪರದೆಯನ್ನು ಓದಿ ಹೇಳುವ ಸಾಧನವೂ ಅಂಥದೇ. ಯಾವುದು ಐಚ್ಛಿಕ ಎಂಬುದು ವಸ್ತುವಿನ ಗುಣವಲ್ಲ, ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅನುಸರಿಸಿದ್ದು. ಬಲ್ಲವನು ಒಂದು ಸಾಲು ಬರೆದು ಶಿಫಾರಸನ್ನು ನಿಲ್ಲಿಸಿಕೊಳ್ಳಬಲ್ಲ; ತನಗೆ ಏನು ಬಾರದೆ ಹೋಯಿತು ಎಂಬುದೇ ಗೊತ್ತಿಲ್ಲದವನು ಅದನ್ನು ಕೇಳಿ ಪಡೆಯಲಾರ. ಇವರಿಬ್ಬರಲ್ಲಿ ಶ್ರಮ ಯಾರಿಗೆ ಬೀಳಬೇಕು ಎಂದರೆ, ಬಲ್ಲವನಿಗೇ ಬೀಳಲಿ.

ಆದರೆ ಈ ಪಕ್ಷವನ್ನು ಹಿಡಿದವನಿಗೆ ಎರಡು ಮಾತು ಕೇಳುವ ಹಕ್ಕೂ ಬರುತ್ತದೆ. ಶಿಫಾರಸು ಎಂದು ಬರೆಯುವವರು ಕೈ ಬಿಗಿಹಿಡಿದು ಬರೆಯಲಿ. ತಮ್ಮ ಮೆಚ್ಚಿನ ಜೊತೆಗಾರನನ್ನೆಲ್ಲ ಆ ಸಾಲಿಗೆ ಏರಿಸಿದರೆ ಜನ ಬೇಸತ್ತು ಇಡೀ ಸಾಲನ್ನೇ ಅಳಿಸುತ್ತಾರೆ. ಆಗ ಫಾಂಟೂ ಹೋಗುತ್ತದೆ. ನಮ್ಮ ಕೊಠಡಿಯಲ್ಲಿ ಆದದ್ದು ಅದೇ. ಇನ್ನೊಂದು, ಪರದೆಯ ಮಾತು. ಎಪಿಟಿ ಒಂದು ಕಟ್ಟನ್ನು ತರುವ ಮುನ್ನ, ಜೊತೆಗೆ ಬರಲಿರುವವುಗಳ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಆ ಪಟ್ಟಿಯಲ್ಲಿ "ಇರಬೇಕು" ಎಂಬವೂ "ಇರಲಿ" ಎಂಬವೂ ಒಂದೇ ಸಾಲಿನಲ್ಲಿ ಬೆರೆತು ಬರುತ್ತವೆ. "ಇರಬಹುದು" ಎಂಬ, ಬಾರದೆ ಇರುವವುಗಳನ್ನು ಮಾತ್ರ ಬೇರೆಯಾಗಿ ತೋರಿಸುತ್ತದೆ. ಚೀಟಿ ಬರೆಯುವಾಗ ಅಷ್ಟು ಎಚ್ಚರದಿಂದ, ಸಮಿತಿ ಕೂಡಿಸಿ ತೀರ್ಮಾನಿಸಿ ಮಾಡಿದ ಭೇದ, ಓದಬೇಕಾದವನ ಕಣ್ಣ ಮುಂದೆ ಬರುವ ವೇಳೆಗೆ ಮಾಸಿಹೋಗಿರುತ್ತದೆ. ಫೆಡೋರದ ಡಿಎನ್‌ಎಫ್ ಎಂಬ ಸಾಧನದಲ್ಲಿ ಸಡಿಲ ನಂಟಿನವುಗಳಿಗೆ ಬೇರೆಯ ಶೀರ್ಷಿಕೆ ಕೊಟ್ಟು ಬೇರೆಯಾಗಿಯೇ ಪಟ್ಟಿ ಮಾಡುತ್ತಾರೆ. ಅಷ್ಟು ಮಾಡುವುದು ಅಸಾಧ್ಯವಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಹನ್ನೆರಡು ಯಂತ್ರಗಳಲ್ಲಿ ಶಿಫಾರಸು ಈಗ ಮತ್ತೆ ಚಾಲ್ತಿಯಲ್ಲಿದೆ. ಮೊನ್ನೆ ಆ ಹುಡುಗ ಹದಿಮೂರನೆಯದೊಂದು ಯಂತ್ರವನ್ನು, ಯಾರೋ ದಾನ ಕೊಟ್ಟದ್ದನ್ನು, ಸಜ್ಜುಗೊಳಿಸುತ್ತ ಕುಳಿತಿದ್ದ. ನಾನು ಹೋದಾಗ ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ನಿಂತಿತ್ತು. "ಒಪ್ಪಿಗೆ ಕೊಡಲಿಲ್ಲವೇನಪ್ಪ?" ಎಂದೆ. "ಓದ್ತಾ ಇದ್ದೀನಿ, ಸರ್," ಎಂದ. ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿತ್ತು. ಪ್ರತಿಯೊಂದು ಹೆಸರನ್ನೂ ಬರೆದುಕೊಂಡು, ಅದು ಯಾರ ಬೆನ್ನಿಗೆ ಬಂದದ್ದು ಎಂದು ಬಾಣದ ಗುರುತು ಹಾಕುತ್ತಿದ್ದ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಪಟ್ಟಿ ಮುಗಿಯುವ ವೇಳೆಗೆ ಜವಾನ ಬೀಗದ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.